ಹಿಡಿಯುವುದು, ಹಿಡಿದಿಡುವುದು

ರೇಡಿಯೋ ನಮ್ಮ ಮನೆಗಳನ್ನು ಬಿಟ್ಟು ಎಷ್ಟೋ ವರ್ಷಗಳಾದುವು. ನಡುಮನೆಯ ಗೋಡೆಗೆ ಜೋಡಿಸಿದ ಹಲಗೆಯ ಮೇಲೆ, ಮನೆಯ ಹೆಣ್ಣುಮಕ್ಕಳು ಕ್ರೋಷಾ ಕಡ್ಡಿಯಿಂದ ಹೆಣೆದ ಮುಸುಕನ್ನು ಹೊದ್ದು, ಯಜಮಾನನಂತೆ ಕುಳಿತಿರುತ್ತಿದ್ದ ಆ ಪೆಟ್ಟಿಗೆ ಅಟ್ಟವನ್ನು ಸೇರಿತು; ಇಲ್ಲವೆ ಹಳೆಯ ಸಾಮಾನಿನವನ ಗಾಡಿಯನ್ನು ಏರಿತು. ಅಷ್ಟರಿಂದ ಅದರ ಆಯುಷ್ಯ ಮುಗಿಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ಮನೆ ಬಿಟ್ಟ ರೇಡಿಯೋ ಕಾರನ್ನು ಹತ್ತಿ ಕುಳಿತಿದೆ. ಮನೆಯಲ್ಲಿ ವರ್ಷಕ್ಕೊಮ್ಮೆಯೂ ಬಾನುಲಿಯನ್ನು ನೆನೆಯದ ಗೃಹಸ್ಥರು ಕೂಡ ಕಾರಿನ ಕೀಲಿಯನ್ನು ತಿರುಗಿಸಿದೊಡನೆ, ತಮಗೇ ತಿಳಿಯದಂತೆ, ಅದರ ಕಡೆಗೆ ಕೈ ಚಾಚುತ್ತಾರೆ. ಈ ವಾರ ಆ ಕೈ ಮಾಡುವ ಕೆಲಸವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಭಾಷೆಯಲ್ಲಿ ರೇಡಿಯೋ ಸ್ಟೇಷನ್ನನ್ನು 'ಹಿಡಿಯುತ್ತೇವೆ'. ಇಂಗ್ಲಿಷಿನವರು ಅದೇ ಕೆಲಸಕ್ಕೆ ಶ್ರುತಿ ಕೂಡಿಸುವ ಮಾತನ್ನು ಬಳಸುತ್ತಾರೆ. ತಂಬೂರಿಯ ಬಿರಡೆಯನ್ನು ತಿರುಗಿಸಿದ ಹಾಗೆ. ಶ್ರುತಿಯ ಉಪಮೆ ಶಾಸ್ತ್ರಕ್ಕೆ ಹೆಚ್ಚು ಹತ್ತಿರವೆಂಬುದು ನಿಜ. ಆದರೆ ಕನ್ನಡದ 'ಹಿಡಿಯುವುದು' ಅನುಭವಕ್ಕೆ ಹತ್ತಿರವಾದದ್ದು. ಮೀನನ್ನು ಹಿಡಿದಂತೆ, ಬಸ್ಸನ್ನು ಹಿಡಿದಂತೆ, ತಪ್ಪಿಸಿಕೊಂಡು ಹೋಗುವ ಗುಣವಿರುವ ವಸ್ತುವನ್ನು ಮಾತ್ರವೇ ನಾವು ಹಿಡಿಯುವುದಷ್ಟೆ. ಹಿಡಿದದ್ದು ಮತ್ತೆ ಬೇಕಾದಾಗ ಸಿಗುವಂತೆ ಮಾಡುವುದಕ್ಕೂ ನಮ್ಮಲ್ಲಿ ಅಚ್ಚುಕಟ್ಟಾದ ಪದವೊಂದಿದೆ: ಹಿಡಿದಿಡುವುದು. ಕಾರಿನ ರೇಡಿಯೋದ ಮುಖದ ಮೇಲಿರುವ ಆರು ಗುಂಡಿಗಳ ಕೆಲಸವೆಲ್ಲ ಈ ಒಂದು ಪದದಲ್ಲಿ ಅಡಗಿದೆ.

ಮನೆಯ ರೇಡಿಯೋಗೆ ಇಲ್ಲದ ಒಂದು ತೊಂದರೆ ಕಾರಿನ ರೇಡಿಯೋಗೆ ಉಂಟು. ಮನೆ ನಿಂತಲ್ಲಿ ನಿಂತಿರುತ್ತದೆ, ಪ್ರೇಷಕದ ಗೋಪುರವೂ ನಿಂತಲ್ಲಿ ನಿಂತಿರುತ್ತದೆ. ಒಮ್ಮೆ ಮುಳ್ಳನ್ನು ಸರಿಯಾದ ಜಾಗಕ್ಕೆ ತಂದರೆ ವರ್ಷಗಟ್ಟಲೆ ಅದನ್ನು ಮುಟ್ಟದೆ ಕಾಲ ಕಳೆಯಬಹುದು. ಕಾರಾದರೋ ಓಡುವ ವಸ್ತು. ಒಂದು ಊರಿನ ಧ್ವನಿ ಹಿಂದೆ ಸರಿಯುತ್ತಿರುತ್ತದೆ, ಇನ್ನೊಂದು ಊರಿನದು ಮುಂದೆ ಬರುತ್ತಿರುತ್ತದೆ. ಇದರ ಮೇಲೆ, ಮುಳ್ಳನ್ನು ತಿರುಗಿಸಬೇಕಾದ ಕೈಯೇ ಚಕ್ರವನ್ನೂ ಹಿಡಿದಿರಬೇಕು. ಅಂಕಿಗಳನ್ನು ನೋಡಬೇಕಾದ ಕಣ್ಣೇ ರಸ್ತೆಯನ್ನೂ ನೋಡುತ್ತಿರಬೇಕು. ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ ೨೨ ಮೀಟರು ಸಾಗುತ್ತದೆ. ಹಾಡು ಹುಡುಕಲೆಂದು ಎರಡು ಸೆಕೆಂಡು ತಲೆ ಬಗ್ಗಿಸಿದರೆ ೪೪ ಮೀಟರು ದಾರಿಯನ್ನು ಕಣ್ಣು ಮುಚ್ಚಿ ಕ್ರಮಿಸಿದಂತಾಯಿತು. ಆ ೪೪ ಮೀಟರಿನಲ್ಲಿ ಒಂದು ಶಾಲೆಯ ಮಕ್ಕಳ ಸಾಲು ರಸ್ತೆ ದಾಟಬಹುದು. ಗುಂಡಿಗಳನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳುವುದು ಶೋಕಿಯೆಂದು ತಿಳಿದವರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು.

ಕಾರಿನೊಳಗೆ ರೇಡಿಯೋ ಬಂದ ಕಥೆ ಸ್ವಾರಸ್ಯವಾದದ್ದು. ಅಮೆರಿಕದಲ್ಲಿ ಪಾಲ್ ಗಾಲ್ವಿನ್ ಮತ್ತು ಜೋಸೆಫ್ ಗಾಲ್ವಿನ್ ಎಂಬ ಸಹೋದರರ ಕಂಪನಿ ೧೯೩೦ರಲ್ಲಿ ಮಾರಾಟಕ್ಕೆ ತಂದ ರೇಡಿಯೋಗೆ 'ಮೋಟರೋಲ' ಎಂದು ಹೆಸರಿಟ್ಟರು. ಮೋಟಾರಿನೊಳಗಿನ ಸಂಗೀತ ಎಂಬರ್ಥದ ಆ ಹೆಸರೇ ಮುಂದೆ ಕಂಪನಿಯ ಹೆಸರೂ ಆಯಿತು. ಆ ಕಾಲದ ಕಾರಿಗೆ ರೇಡಿಯೋ ಜೋಡಿಸುವುದೆಂದರೆ ಮನೆಗೆ ಮಹಡಿ ಕಟ್ಟಿಸಿದಷ್ಟು ಗಲಾಟೆ. ಚಾವಣಿಯ ಬಟ್ಟೆಯನ್ನು ಬಿಚ್ಚಿ ಒಳಗೆ ಏರಿಯಲ್ ತಂತಿಯನ್ನು ಹಾಸಬೇಕು. ಕಾಲಡಿಯ ಹಲಗೆಯನ್ನು ಕತ್ತರಿಸಿ ಬೇರೆ ಬ್ಯಾಟರಿಗಳನ್ನು ಇಡಬೇಕು. ಎಂಜಿನ್ನಿನ ಕಿಡಿಗಳ ಪಟಪಟ ಸದ್ದು ಹಾಡಿನೊಳಗೆ ನುಗ್ಗದಂತೆ ತಡೆಗಳನ್ನು ಕಟ್ಟಬೇಕು. ಇಷ್ಟೆಲ್ಲ ಮಾಡಿಸಿಕೊಂಡವರನ್ನು ಕಂಡು ಬೇರೆಯವರಿಗೆ ಹೆದರಿಕೆಯೂ ಆಯಿತು. ಹಾಡು ಕೇಳುತ್ತ ಓಡಿಸುವವನ ಗಮನ ಚದರುತ್ತದೆ, ಇದನ್ನು ಕಾಯಿದೆಯಿಂದ ನಿಷೇಧಿಸಬೇಕು ಎಂಬ ಚರ್ಚೆ ಅಲ್ಲಿ ನಡೆದುಹೋಯಿತು.

ನಮ್ಮ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಆರಂಭಿಸಿದ್ದು ೧೯೩೫ರಲ್ಲಿ. ಎಂದರೆ ಗಾಲ್ವಿನ್ನರ ಕಾರು ರೇಡಿಯೋ ಹುಟ್ಟಿದ ಐದೇ ವರ್ಷಗಳ ಅನಂತರ. ಒಬ್ಬ ಅಧ್ಯಾಪಕರು ಮನೆಯಲ್ಲಿ ಕುಳಿತು ಊರಿಗೆಲ್ಲ ಕೇಳುವಂತೆ ಮಾತನಾಡಿದರೆಂಬುದು ನಮ್ಮಂಥ ಅಧ್ಯಾಪಕರಿಗೆ ಇಂದಿಗೂ ಹೆಮ್ಮೆಯ ವಿಷಯ. ಈಗ ತರಗತಿಯ ಕೊನೆಯ ಬೆಂಚಿಗೆ ಕೇಳಿಸುವುದೇ ಕಷ್ಟವಾಗಿದೆ.

ಹಿಡಿದ ನಿಲಯವನ್ನು ಹಿಡಿದಿಡುವ ಉಪಾಯವೂ ಕಾರುಗಳಲ್ಲಿ ಬೇಗನೆಯೇ ಬಂದಿತು. ಹಳೆಯ ಕಾರುಗಳ ರೇಡಿಯೋದಲ್ಲಿ ಹಲ್ಲಿನ ಸಾಲಿನಂತೆ ಐದು ದಪ್ಪ ಗುಂಡಿಗಳಿರುತ್ತಿದ್ದುವು. ತಿರುಪನ್ನು ತಿರುಗಿಸಿ ನಿಲಯವನ್ನು ಸರಿಯಾಗಿ ಹಿಡಿದ ಮೇಲೆ, ಒಂದು ಗುಂಡಿಯನ್ನು ಹೊರಕ್ಕೆ ಎಳೆದು, ಮತ್ತೆ ಬಲವಾಗಿ ಒಳಕ್ಕೆ ಒತ್ತಬೇಕು. ಅಷ್ಟೇ. ಅದರಲ್ಲಿ ವಿದ್ಯುತ್ತಿನ ಮಾಯೆ ಏನೂ ಇರಲಿಲ್ಲ. ಗುಂಡಿಯ ಹಿಂದೆ ಒಂದು ಲೋಹದ ತುಂಡು. ಎಳೆದಾಗ ಅದರ ಬಿಗಿ ಸಡಿಲುತ್ತದೆ, ಒತ್ತಿದಾಗ ಆ ಗಳಿಗೆಯಲ್ಲಿ ಮುಳ್ಳು ಎಲ್ಲಿದೆಯೋ ಆ ಕೋನಕ್ಕೆ ತಿರುಗಿ ಮತ್ತೆ ಬಿಗಿಯಾಗುತ್ತದೆ. ಮುಂದೆ ಎಂದು ಆ ಗುಂಡಿಯನ್ನು ಒತ್ತಿದರೂ ತಂತಿಯ ಸುರುಳಿಗಳೊಳಗಿನ ಕಬ್ಬಿಣದ ಪುಡಿಯ ಕಡ್ಡಿಗಳು ಅದೇ ಆಳಕ್ಕೆ ಸರಿದು ಅದೇ ನಿಲಯ ನುಡಿಯುತ್ತದೆ. ಬಡಗಿಯೊಬ್ಬನು ಅಳತೆಯ ಕಡ್ಡಿಗೆ ಗುರುತು ಹಾಕಿಟ್ಟುಕೊಳ್ಳುವುದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಬ್ಯಾಟರಿ ಸತ್ತರೂ, ಕಾರು ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಬಿದ್ದಿದ್ದರೂ ಆ ನೆನಪಿಗೆ ಕೇಡಿಲ್ಲ. ಅದು ಕಬ್ಬಿಣದ ನೆನಪು.

ಆ ಯಂತ್ರದ ಗುರುತೊಂದು ಇಂದಿಗೂ ಉಳಿದುಬಂದಿರುವ ಜಾಗ ಸೋಜಿಗದ್ದು. ಅಂಥ ರೇಡಿಯೋದಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಮೊದಲು ಒತ್ತಿದ್ದದ್ದು ತಾನಾಗಿಯೇ ಹೊರಕ್ಕೆ ಚಿಮ್ಮುತ್ತಿತ್ತು. ಏಕಕಾಲಕ್ಕೆ ಎರಡು ನಿಲಯ ಸಾಧ್ಯವಿಲ್ಲವಷ್ಟೆ. ಕಂಪ್ಯೂಟರಿನ ಅರ್ಜಿ ನಮೂನೆಗಳಲ್ಲಿ 'ಗಂಡು', 'ಹೆಣ್ಣು' ಎಂದೋ, 'ಹೌದು', 'ಇಲ್ಲ' ಎಂದೋ ಸಣ್ಣ ಬಳೆಗಳಿದ್ದು, ಒಂದರಲ್ಲಿ ಚುಕ್ಕೆ ಇಟ್ಟೊಡನೆ ಇನ್ನೊಂದರ ಚುಕ್ಕೆ ಅಳಿಯುವುದನ್ನು ನೀವು ಕಂಡಿದ್ದೀರಿ. ಆ ಬಳೆಗಳಿಗೆ ಕಂಪ್ಯೂಟರಿನವರು ಇಟ್ಟಿರುವ ಹೆಸರು 'ರೇಡಿಯೋ ಬಟನ್'. ಕಾರು ರೇಡಿಯೋವನ್ನು ಕಣ್ಣಿನಿಂದ ಕಾಣದ ಹುಡುಗರೂ ದಿನಕ್ಕೆ ಹತ್ತು ಸಲ ಅದರ ಹೆಸರನ್ನು ಹೇಳುತ್ತಾರೆ.

ಐರೋಪ್ಯರು ಇನ್ನೂ ಮುಂದೆ ಹೋದರು. ಜರ್ಮನಿಯ ಬ್ಲೌಪುಂಕ್ಟ್ ಕಂಪನಿ ೧೯೫೨ರಲ್ಲಿ ಎಫ್.ಎಂ. ಹಿಡಿಯುವ ಕಾರು ರೇಡಿಯೋವನ್ನು ತಂದರೆ, ಮರುವರ್ಷ ಬೆಕರ್ ಕಂಪನಿಯ 'ಮೆಕ್ಸಿಕೋ' ಎಂಬ ಮಾದರಿ ತಾನೇ ನಿಲಯಗಳನ್ನು ಹುಡುಕಿ ನಿಲ್ಲುವ ವಿದ್ಯೆಯನ್ನು ಕಲಿತು ಬಂದಿತು. ಇಂದಿನ ಕಾರುಗಳಲ್ಲಿ ಬಾಣದ ಗುರುತಿನ ಗುಂಡಿಯನ್ನು ಒತ್ತಿದರೆ ಅಂಕಿಗಳು ಸರಸರನೆ ಓಡಿ ಒಂದೆಡೆ ಥಟ್ಟನೆ ನಿಲ್ಲುವುದು ಆ ವಿದ್ಯೆಯ ಮೊಮ್ಮಗು.

ಅಂಕಿ ನಿಂತದ್ದಾದರೂ ಹೇಗೆ? ಇದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಮಾತು ಸುಲಭವಾದೀತು. ಮೈಸೂರು ಆಕಾಶವಾಣಿಯ ಅಂಕಿ ೧೦೦.೬ ಮೆಗಾಹರ್ಟ್ಸ್. ಅದರ ಅಲೆ ಸೆಕೆಂಡಿಗೆ ಹತ್ತು ಕೋಟಿ ಆರು ಲಕ್ಷ ಸಲ ಕಂಪಿಸುತ್ತದೆ ಎಂದರ್ಥ. ಅಲೆಯ ಉದ್ದ ಸುಮಾರು ಮೂರು ಮೀಟರು. ಕಾರಿನ ಹಳೆಯ ಕಡ್ಡಿ ಏರಿಯಲ್ ಅದರ ಕಾಲುಭಾಗ, ಎಂದರೆ ಮುಕ್ಕಾಲು ಮೀಟರಿನಷ್ಟು ಇರುತ್ತಿದ್ದದ್ದು ಈ ಲೆಕ್ಕದಿಂದಲೇ. ನೂರಾರು ಅಲೆಗಳು ಒಟ್ಟಿಗೆ ಕಡ್ಡಿಯನ್ನು ತಾಕುವಾಗ ಒಂದನ್ನೇ ಆರಿಸಿಕೊಳ್ಳುವ ಉಪಾಯವನ್ನು ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ೧೯೧೮ರಲ್ಲಿ ಕಂಡುಹಿಡಿದ. (ಎಫ್.ಎಂ. ಎಂಬ ಕ್ರಮವೂ ಅವನದೇ ಕೊಡುಗೆ. ಅದರ ಹಕ್ಕುಪತ್ರ ಅವನಿಗೆ ದೊರೆತದ್ದು ೧೯೩೩ರಲ್ಲಿ.) ರೇಡಿಯೋದ ಒಳಗೇ ಒಂದು ಪುಟ್ಟ ಆಂದೋಲಕವನ್ನಿಟ್ಟು, ಅದರ ಕಂಪನವನ್ನು ಬಂದ ಅಲೆಯೊಡನೆ ಬೆರೆಸಿ, ಎರಡರ ವ್ಯತ್ಯಾಸವನ್ನು ಮಾತ್ರ ಸೋಸಿಕೊಳ್ಳುವುದು ಆ ಉಪಾಯ. ಎಫ್.ಎಂ. ಪೆಟ್ಟಿಗೆಗಳಲ್ಲಿ ಬಹುಕಾಲ ರೂಢಿಯಲ್ಲಿದ್ದ ವ್ಯತ್ಯಾಸ ೧೦.೭. ಎಂದರೆ ಮೈಸೂರನ್ನು ಕೇಳಬೇಕಾದರೆ ಒಳಗಿನ ಆಂದೋಲಕ ೧೧೧.೩ರಲ್ಲಿ ಹಾಡಿಕೊಳ್ಳುತ್ತಿರಬೇಕು. ಅದು ಅತ್ತಿತ್ತ ಅಲುಗದಂತೆ ಒಂದು ಸ್ಫಟಿಕದ ಚೂರು ಕಾವಲಿರುತ್ತದೆ. ಗಾಯಕನ ಹಿಂದೆ ಕುಳಿತು ತಂಬೂರಿ ಮೀಟುವವನ ಕೆಲಸವನ್ನು ಈ ಸ್ಫಟಿಕ ಮಾಡುತ್ತದೆಯೆಂದರೆ ಸಂಗೀತಗಾರರು ಒಪ್ಪಿಯಾರು.

ಇಷ್ಟನ್ನು ಹೇಳಿದ ಕಾರಣವೇನೆಂದರೆ, ನಾವು ಗುಂಡಿಯನ್ನು ಒತ್ತಿ ಹಿಡಿದಾಗ ರೇಡಿಯೋ ಬರೆದಿಟ್ಟುಕೊಳ್ಳುವುದು ಈ ಅಂಕಿಯೊಂದನ್ನೇ. ನಿಲಯವನ್ನಲ್ಲ, ನಿಲಯದ ಹೆಸರನ್ನಲ್ಲ, ಅಲ್ಲಿ ಮಾತನಾಡುವವರ ಕಂಠವನ್ನಂತೂ ಅಲ್ಲವೇ ಅಲ್ಲ. ಮೈಸೂರಿನಲ್ಲಿ ೧೦೦.೬ ಎಂದರೆ ಆಕಾಶವಾಣಿ. ಅದೇ ಗುಂಡಿಯನ್ನು ಶಿರಾಡಿ ಘಾಟಿಯ ತಿರುವಿನಲ್ಲಿ ಒತ್ತಿದರೆ ಬಾಣಲೆಯಲ್ಲಿ ಎಣ್ಣೆ ಕಾದ ಸದ್ದು. ಮನೆಯ ವಿಳಾಸವನ್ನು ಬರೆದಿಟ್ಟುಕೊಂಡರೆ ಮನೆಯವರು ನಮ್ಮ ಜೊತೆಗೆ ಪ್ರಯಾಣ ಬರುವುದಿಲ್ಲವಷ್ಟೆ. ಐರೋಪ್ಯ ದೇಶಗಳ ರೇಡಿಯೋಗಳು ಈ ಕೊರತೆಯನ್ನು ತುಂಬಿಕೊಂಡಿವೆ. ಅಲ್ಲಿನ ನಿಲಯಗಳು ಹಾಡಿನೊಡನೆ ಕಿವಿಗೆ ಕೇಳಿಸದ ಸಂಕೇತವೊಂದನ್ನು ಕಳುಹಿಸಿ, 'ನಾನು ಇಂಥವನು, ಮುಂದಿನ ಊರಿನಲ್ಲಿ ನನ್ನ ಅಂಕಿ ಇಂಥದು' ಎಂದು ತಿಳಿಸುತ್ತವೆ; ಧ್ವನಿ ಕುಗ್ಗಿದೊಡನೆ ರೇಡಿಯೋ ತಾನಾಗಿಯೇ ಹೊಸ ಅಂಕಿಗೆ ಹಾರುತ್ತದೆ. ನಮ್ಮ ದಾರಿಗಳಲ್ಲಿ ಈ ಸೌಕರ್ಯವನ್ನು ನಂಬಿ ಕೂರುವಂತಿಲ್ಲ. ನಮ್ಮ ಹಾರಾಟವನ್ನು ನಾವೇ ಹಾರಬೇಕು.

ಬೆಂಗಳೂರಿನಿಂದ ಮೈಸೂರಿಗೆ ಬರುವವರು ಇದನ್ನು ಕಿವಿಯಾರೆ ಕೇಳಿರುತ್ತಾರೆ. ಕೆಂಗೇರಿಯನ್ನು ದಾಟುವಾಗ ೧೦೧.೩ರ ರೇನ್‌ಬೋ, ೧೦೨.೯ರ ವಿವಿಧ ಭಾರತಿ ತುಂಬಿ ತುಳುಕುತ್ತಿರುತ್ತವೆ. ರಾಮನಗರದ ಬಂಡೆಗಳನ್ನು ದಾಟಿದ ಮೇಲೆ ಧ್ವನಿಗೆ ಅಲ್ಲಲ್ಲಿ ತೂತು ಬೀಳತೊಡಗುತ್ತದೆ. ಎಫ್.ಎಂ. ಅಲೆ ಹೆಚ್ಚುಕಡಮೆ ಕಣ್ಣಿನ ನೋಟದಂತೆ ನೇರವಾಗಿ ಹೋಗುವಂಥದು. ಬೆಟ್ಟ ಅಡ್ಡ ಬಂದರೆ ಸುತ್ತಿ ಬರುವ ತಾಳ್ಮೆ ಅದಕ್ಕಿಲ್ಲ. ಮಂಡ್ಯದ ಕಡೆಗೆ ಬರುವ ಹೊತ್ತಿಗೆ ಮೈಸೂರಿನ ೧೦೦.೬ ಕೊರಳು ಸರಿಮಾಡಿಕೊಳ್ಳುತ್ತಿರುತ್ತದೆ. ಹೀಗೆ ಪದೇ ಪದೇ ಓಡಾಡುವ ದಾರಿಯಿರುವವರು ಗುಂಡಿಗಳನ್ನು ದಾರಿಯ ಕ್ರಮದಲ್ಲೇ ಜೋಡಿಸಿಕೊಳ್ಳುವುದು ಜಾಣತನ. ಒಂದನೆಯದು ಹೊರಡುವ ಊರು, ಕೊನೆಯದು ಸೇರುವ ಊರು. ಹಾಸನದ ೧೦೨.೨, ಮಡಿಕೇರಿಯ ೧೦೩.೧, ಚಿತ್ರದುರ್ಗದ ೧೦೨.೬ ಮುಂತಾದ ಅಂಕಿಗಳನ್ನು ಹೊರಡುವ ಮುನ್ನ ಮನೆಯ ಮುಂದೆ ನಿಂತೇ ಬರೆದಿಡಬಹುದು. ಅಲ್ಲಿ ಆ ನಿಲಯ ಕೇಳಿಸಲೇಬೇಕೆಂಬ ನಿಯಮವೇನೂ ಇಲ್ಲ. ಬಾಣದ ಗುಂಡಿಯನ್ನು ಬಿಟ್ಟು ಕೈಯಿಂದಲೇ ಒಂದೊಂದು ಮೆಟ್ಟಿಲು ಸರಿಸಿ ಆ ಅಂಕಿಗೆ ತಂದು, ಬೇಕಾದ ಗುಂಡಿಯನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿದರೆ ಬಹುತೇಕ ರೇಡಿಯೋಗಳು 'ಕೀ' ಎಂದೊಮ್ಮೆ ಕೂಗಿ ಒಪ್ಪಿಕೊಳ್ಳುತ್ತವೆ.

ಈ 'ಎರಡು ಮೂರು ಸೆಕೆಂಡು' ಎಂಬಲ್ಲಿಯೇ ಸಂಸಾರದ ಅನೇಕ ಜಗಳಗಳು ಹುಟ್ಟುವುದು. ಗುಂಡಿಯನ್ನು ಥಟ್ಟನೆ ಒತ್ತಿ ಬಿಟ್ಟರೆ ಅದು ಹಳೆಯದನ್ನು ಕರೆಯುತ್ತದೆ. ಒತ್ತಿ ಹಿಡಿದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಅವಸರದವರು ಕಷ್ಟಪಟ್ಟು ಹಿಡಿದ ನಿಲಯವನ್ನು ಬರೆಯಹೋಗಿ ಥಟ್ಟನೆ ಒತ್ತಿ, ಹಿಡಿದದ್ದನ್ನೂ ಕಳೆದುಕೊಂಡು ಪೇಚಾಡುತ್ತಾರೆ. ನಿಧಾನಸ್ಥರು ಹಳೆಯದನ್ನು ಕರೆಯಲೆಂದು ಬೆರಳನ್ನು ಅಲ್ಲಿಯೇ ಮರೆತು ಇನ್ನೊಬ್ಬರ ನಿಲಯವನ್ನು ಅಳಿಸಿಬಿಡುತ್ತಾರೆ. ನಮ್ಮ ಮನೆಯಲ್ಲಿ ಮಗಳಿಗೆ ಎರಡು ಗುಂಡಿ, ಮನೆಯವರಿಗೆ ಎರಡು, ನನಗೆ ಒಂದು ಎಂದು ವಿಭಾಗಪತ್ರವಾಗಿದೆ. ಎಫ್.ಎಂ. ಒಂದು, ಎರಡು, ಮೂರು ಎಂದು ಮೂರು ಪುಟಗಳಿದ್ದು ಒಟ್ಟು ಹದಿನೆಂಟು ನಿಲಯಗಳನ್ನು ಇಡಬಹುದೆಂಬ ಸಂಗತಿಯನ್ನು ನಾನು ಮಗಳಿಗೆ ಇನ್ನೂ ತಿಳಿಸಿಲ್ಲ.

ಆ ಕಾರು ನಮ್ಮ ಕೈಗೆ ಬಂದದ್ದು ಎರಡನೆಯ ಒಡೆತನದಲ್ಲಿ. ಅದರ ಮೊದಲ ಒಡೆಯರನ್ನು ನಾನು ಕಂಡವನಲ್ಲ. ದಲ್ಲಾಳಿಯ ಮೂಲಕ ವ್ಯವಹಾರ ನಡೆಯಿತು. ಆದರೆ ರೇಡಿಯೋದ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತ ಹೋದಂತೆ ಅವರ ಪರಿಚಯವಾಗತೊಡಗಿತು. ಮೊದಲನೆಯದು ಹಾಸನ, ಎರಡನೆಯದು ಮಡಿಕೇರಿ. ಎಂದರೆ ಆ ಎರಡರ ನಡುವಿನ ಕಾಫಿಯ ಸೀಮೆಯವರಿರಬೇಕು. ಮೂರನೆಯದು ಮೈಸೂರು, ಮಕ್ಕಳು ಇಲ್ಲಿ ಓದುತ್ತಿದ್ದರೋ ಏನೋ. ಐದನೆಯದರಲ್ಲಿ ಮತ್ತೆ ಮಡಿಕೇರಿ. ಒಂದೇ ನಿಲಯಕ್ಕೆ ಎರಡು ಗುಂಡಿ ಏಕೆಂದು ಯೋಚಿಸಿದೆ. ಚಾಲಕನ ಕೈಗೆ ಹತ್ತಿರವಾದದ್ದೊಂದು, ಪಕ್ಕದಲ್ಲಿ ಕೂರುವವರ ಕೈಗೆ ಹತ್ತಿರವಾದದ್ದೊಂದು ಎಂದು ನನ್ನ ಊಹೆ. ಇಬ್ಬರಿಗೂ ಅದೇ ನಿಲಯ ಬೇಕಾಗಿತ್ತೆಂದರೆ ಒಳ್ಳೆಯ ದಾಂಪತ್ಯವೇ ಆಗಿರಬೇಕು. ಅವುಗಳಲ್ಲಿ ಹೆಚ್ಚಿನವನ್ನು ಅಳಿಸಿ ನಮ್ಮವನ್ನು ಬರೆಯುವಾಗ, ಬಾಡಿಗೆಯ ಮನೆಯ ಗೋಡೆಯ ಮೇಲೆ ಹಿಂದಿನವರ ಮಕ್ಕಳು ಎತ್ತರ ಅಳೆದು ಗೀಚಿದ ಗೆರೆಗಳಿಗೆ ಸುಣ್ಣ ಬಳಿದಂತಾಯಿತು. ಮೂರನೆಯದನ್ನು ಮಾತ್ರ ಇದ್ದಂತೆಯೇ ಬಿಟ್ಟೆವು.

ಈ ಮೂರನೆಯ ಗುಂಡಿಗೆ ನಮ್ಮ ಮನೆಯಲ್ಲಿ ಒಬ್ಬರು ಅಧಿಕೃತ ಬಳಕೆದಾರರಿದ್ದಾರೆ. ನನ್ನ ಸೋದರಮಾವನವರು ಹೈಸ್ಕೂಲಿನ ಉಪಾಧ್ಯಾಯರಾಗಿ ನಿವೃತ್ತರಾದವರು, ಎಂಬತ್ತು ಸಮೀಪಿಸಿದೆ. ಗ್ಲಾಕೋಮಾ ಎಂಬ ಕಣ್ಣಿನ ಬೇನೆ ಅವರ ದೃಷ್ಟಿಯನ್ನು ಅಂಚುಗಳಿಂದ ಆರಂಭಿಸಿ ಒಳಕ್ಕೆ ಕಬಳಿಸುತ್ತ ಬಂದಿದೆ. ಪತ್ರಿಕೆಯನ್ನು ಬೇರೆಯವರು ಓದಿ ಹೇಳಬೇಕು. ಮೊಬೈಲಿನ ನುಣ್ಣನೆಯ ಗಾಜು ಅವರ ಬೆರಳಿಗೆ ಏನನ್ನೂ ತಿಳಿಸುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಅವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯುವ ಕ್ರಮವಿದೆ. ಕಾರಿನ ಮುಂದಿನ ಆಸನದಲ್ಲಿ ಕುಳಿತೊಡನೆ ಅವರ ಎಡಗೈ ಮುಂದೆ ಚಾಚಿ, ಬೆರಳು ಗುಂಡಿಗಳ ಸಾಲಿನ ಮೇಲೆ ಒಂದು, ಎರಡು, ಮೂರು ಎಂದು ನಡೆದು, ಮೂರನೆಯದರ ಮೇಲೆ ನಿಲ್ಲುತ್ತಿತ್ತು. ಆಕಾಶವಾಣಿ ನುಡಿಯುತ್ತಿತ್ತು. ಅದು ಪ್ರದೇಶ ಸಮಾಚಾರವಾಗಲಿ, ಕೃಷಿಕರ ಕಾರ್ಯಕ್ರಮವಾಗಲಿ, ಯಾರದೋ ವೀಣೆಯಾಗಲಿ ಅವರಿಗೆ ಸಮ್ಮತವೇ. ಇಡೀ ದಿನದಲ್ಲಿ ಯಾರ ಸಹಾಯವನ್ನೂ ಕೇಳದೆ ಅವರು ತಾವಾಗಿಯೇ ಮಾಡುತ್ತಿದ್ದ ಕೆಲವೇ ಕೆಲಸಗಳಲ್ಲಿ ಇದೊಂದು.

ಕಳೆದ ವರ್ಷ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ನಾನು ಒಂದು ತಿಂಗಳು ಪರಸ್ಥಳದಲ್ಲಿದ್ದೆ. ಆಗ ಕಾರಿನ ಬ್ಯಾಟರಿಯನ್ನು ಬದಲಾಯಿಸಬೇಕಾಗಿ ಬಂದು ಮನೆಯವರು ಅದನ್ನು ಒಂದು ಗ್ಯಾರೇಜಿಗೆ ಒಯ್ದರು. ಹಳೆಯ ಮಾದರಿಯ ರೇಡಿಯೋ. ಬ್ಯಾಟರಿಯ ತಂತಿ ಬಿಚ್ಚಿದೊಡನೆ ಬರೆದಿಟ್ಟದ್ದನ್ನೆಲ್ಲ ಮರೆಯುವ ಜಾತಿಯದು. ಗ್ಯಾರೇಜಿನ ಹುಡುಗ ಉಪಕಾರವಾಗಲೆಂದು, ನಿಲಯಗಳನ್ನು ತಾನೇ ಹುಡುಕಿ ತುಂಬುವ ಗುಂಡಿಯನ್ನು ಒತ್ತಿ ಕೊಟ್ಟ. ಆ ವಿದ್ಯೆಗೆ ಒಂದೇ ಒಂದು ಮಾನದಂಡ, ಧ್ವನಿಯ ಬಲ. ಆ ಗಳಿಗೆಯಲ್ಲಿ, ಆ ಜಾಗದಲ್ಲಿ ಯಾವ ನಿಲಯಗಳು ಹೆಚ್ಚು ಬಲವಾಗಿ ತಾಕುತ್ತವೆಯೋ ಅವನ್ನು ಆರಿಸಿ ಅಂಕಿಯ ಕ್ರಮದಲ್ಲಿ ಕೂರಿಸುತ್ತದೆ. ಆಕಾಶವಾಣಿ ಆ ಆರರಲ್ಲಿಯೇ ಇತ್ತು. ಆದರೆ ಮೂರನೆಯದರಲ್ಲಿ ಇರಲಿಲ್ಲ. ಮುಂದಿನ ಸಲ ಮಾವನವರ ಬೆರಳು ಎಂದಿನಂತೆ ನಡೆದು ಹೋಗಿ ಒತ್ತಿದಾಗ ಒಡವೆ ಅಂಗಡಿಯ ಜಾಹೀರಾತೊಂದು ಅಬ್ಬರಿಸಿತಂತೆ. ಅವರು ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಸ್ಪತ್ರೆಯ ಚಿಂತೆಯಲ್ಲಿದ್ದಾರೆಂದು ತಿಳಿದು ಮನೆಯವರು ರೇಡಿಯೋವನ್ನು ನಿಲ್ಲಿಸಿದರು. ಅದರ ಮುಂದಿನ ಸಲ ಅವರು ಕೈಯನ್ನು ಚಾಚಲೇ ಇಲ್ಲ.

ನಾನು ಊರಿಗೆ ಬಂದ ಮೇಲೆ ಅವರನ್ನು ಕರೆದುಕೊಂಡು ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಅವರು, "ಮೈಸೂರು ಸ್ಟೇಷನ್ನನ್ನು ಮುಚ್ಚಿಬಿಟ್ಟರೇನೋ?" ಎಂದು ಕೇಳಿದರು.

"ಇಲ್ಲವಲ್ಲ ಮಾವ, ಯಾರು ಹೇಳಿದರು?"

"ಯಾರೂ ಹೇಳಲಿಲ್ಲ. ಒಂದೊಂದಾಗಿ ಎಲ್ಲವನ್ನೂ ಮುಚ್ಚುತ್ತಿದ್ದಾರಲ್ಲ, ಇದನ್ನೂ ಮುಚ್ಚಿರಬೇಕು ಅಂದುಕೊಂಡೆ."

ರಸ್ತೆಯ ಬದಿಗೆ ಕಾರನ್ನು ನಿಲ್ಲಿಸಿ ೧೦೦.೬ಕ್ಕೆ ತಂದು, ಮೂರನೆಯ ಗುಂಡಿಯನ್ನು ಒತ್ತಿ ಹಿಡಿದೆ. 'ಕೀ' ಎಂದಿತು. ಆ ಸಂಜೆ ಮನೆಯವರು ತಮ್ಮ ಬಿಂದಿಯ ಹಾಳೆಯಿಂದ ಉಬ್ಬಾದ ಹರಳಿನ ಬಿಂದಿಯೊಂದನ್ನು ಕಿತ್ತು ಆ ಗುಂಡಿಯ ಮೇಲೆ ಅಂಟಿಸಿದರು. ಈಗ ಮಾವನವರ ಬೆರಳು ಎಣಿಸುವ ಕಷ್ಟವನ್ನೂ ಬಿಟ್ಟಿದೆ.

ಬಲವನ್ನು ನೋಡಿ ಆರಿಸುವ ಈ ವಿದ್ಯೆಯ ವಿಷಯದಲ್ಲಿ ನನಗೆ ಇನ್ನೊಂದು ತಕರಾರೂ ಉಂಟು. ನಮ್ಮ ದೇಶದಲ್ಲಿ ಸಮುದಾಯ ಬಾನುಲಿ ಕೇಂದ್ರಗಳಿಗೆ ಸಾಮಾನ್ಯವಾಗಿ ಅನುಮತಿಯಿರುವ ಬಲ ೧೦೦ ವ್ಯಾಟ್. ಹಳೆಯ ಕಾಲದ ಒಂದು ದೀಪದ ಬುರುಡೆಯಷ್ಟು. ಆಕಾಶವಾಣಿಯ ದೊಡ್ಡ ಎಫ್.ಎಂ. ಪ್ರೇಷಕಗಳದು ಸಾವಿರಾರು ವ್ಯಾಟ್. ಒಂದು ಕಾಲೇಜಿನ ಅಂಗಳದಿಂದಲೋ, ಹಳ್ಳಿಯೊಂದರ ಮಹಿಳಾ ಸಂಘದ ಕೋಣೆಯಿಂದಲೋ ನುಡಿಯುವ ಕೇಂದ್ರ ಕೆಲವು ಮೈಲಿಗಳಾಚೆಗೆ ಕ್ಷೀಣವಾಗುತ್ತದೆ. ತನ್ನಷ್ಟಕ್ಕೆ ತುಂಬಿಕೊಳ್ಳುವ ರೇಡಿಯೋ ಇಂಥದನ್ನು ಆರಿಸುವ ಸಂಭವ ತೀರ ಕಡಮೆ. ಅಂಥ ಕೇಂದ್ರ ನಿಮ್ಮ ಊರಿನಲ್ಲಿದ್ದರೆ ಕೈಯಿಂದಲೇ ಹಿಡಿದಿಡಬೇಕು. ಬಾಣದ ಹುಡುಕಾಟವೂ ಕ್ಷೀಣ ನಿಲಯಗಳನ್ನು ಹಾರಿ ಹೋಗುವುದುಂಟು. ಕೆಲವು ಪೆಟ್ಟಿಗೆಗಳಲ್ಲಿ 'ಲೋಕಲ್' ಎಂಬ ಗುರುತು ಬೆಳಗುತ್ತಿದ್ದರೆ ಅದು ಬಲವಾದವುಗಳಿಗೆ ಮಾತ್ರ ನಿಲ್ಲುತ್ತದೆಯೆಂದು ತಿಳಿಯಬೇಕು. ಊರಾಚೆ ಹೊರಟಾಗ ಅದನ್ನು ಆರಿಸಿಬಿಡುವುದು ಮೇಲು.

ದಿನ ಬೆಳಗಾದರೆ ಎಲ್ಲ ನಿಲಯಗಳೂ ಮರೆತುಹೋಗಿರುತ್ತವೆಂದು ನನ್ನ ಸಹೋದ್ಯೋಗಿಯೊಬ್ಬರು ಬಹಳ ದಿನ ಗೊಣಗುತ್ತಿದ್ದರು. ಪೆಟ್ಟಿಗೆಯೇ ಕೆಟ್ಟದ್ದೆಂದು ಅದನ್ನು ಎಸೆಯುವುದರಲ್ಲಿದ್ದರು. ಕೆಟ್ಟದ್ದು ಪೆಟ್ಟಿಗೆಯಲ್ಲ. ಹೊರಗಿನಿಂದ ತಂದು ಜೋಡಿಸುವ ರೇಡಿಯೋಗಳ ಹಿಂದೆ ಸಾಮಾನ್ಯವಾಗಿ ಒಂದು ಹಳದಿ ತಂತಿ, ಒಂದು ಕೆಂಪು ತಂತಿ ಇರುತ್ತವೆ. ಕೆಂಪಿನದು ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ತನ್ನು ಪಡೆಯುವಂಥದು. ಹಳದಿಯದು ಸದಾಕಾಲ ಬ್ಯಾಟರಿಗೆ ಸೇರಿರಬೇಕಾದದ್ದು. ನೆನಪು ಉಳಿಯುವುದು ಅದರ ಹನಿ ವಿದ್ಯುತ್ತಿನಿಂದಲೇ. ಅವಸರದಲ್ಲಿ ಜೋಡಿಸಿದವರು ಎರಡನ್ನೂ ಒಟ್ಟಿಗೆ ತಿರುಚಿ ಕೀಲಿಯ ಕಡೆಗೆ ಕಟ್ಟಿಬಿಟ್ಟಿದ್ದರು. ಹತ್ತು ನಿಮಿಷದ ಕೆಲಸದಿಂದ ಎಲ್ಲ ಸರಿಹೋಯಿತು. ಈಚಿನ ಕಾರುಗಳ ರೇಡಿಯೋಗಳಿಗೆ ಬ್ಯಾಟರಿ ತೆಗೆದರೂ ಮರೆವು ಬಾರದು.

ಈಚಿನ ಕಾರುಗಳಲ್ಲಿ ಗುಂಡಿಗಳೇ ಇಲ್ಲದಿರುವುದು ಬೇರೆ ಮಾತು. ಎಲ್ಲವೂ ಗಾಜಿನ ಪರದೆ. ನಕ್ಷತ್ರದ ಗುರುತನ್ನೋ ಹೃದಯದ ಗುರುತನ್ನೋ ಮುಟ್ಟಿದರೆ ನಿಲಯ ಉಳಿಯುತ್ತದೆ. ಇಪ್ಪತ್ತಲ್ಲ, ಮೂವತ್ತಾದರೂ ಇಡಬಹುದು. ನೋಡಲು ಚೆಲುವಾಗಿದೆ. ಆದರೆ ಗಾಜಿಗೆ ಉಬ್ಬುತಗ್ಗುಗಳಿಲ್ಲ, ಆದ್ದರಿಂದ ಬೆರಳಿಗೆ ದಾರಿಯಿಲ್ಲ. ಪ್ರತಿ ಸಲವೂ ಕಣ್ಣು ಬಂದು ಬೆರಳನ್ನು ಕೈಹಿಡಿದು ನಡೆಸಬೇಕು. ಚಕ್ರದ ಮೇಲೆಯೇ ಒಂದು ಪುಟ್ಟ ಗುಂಡಿಯಿದ್ದು ಅದು ಉಳಿಸಿದ ನಿಲಯಗಳನ್ನು ಒಂದೊಂದಾಗಿ ಸರಿಸುವಂತಿದ್ದರೆ, ಅಂಥ ಕಾರುಗಳಲ್ಲಿ ಅದನ್ನೇ ರೂಢಿ ಮಾಡಿಕೊಳ್ಳಬೇಕೆಂದು ನನ್ನ ಸಲಹೆ. ಮೂವತ್ತು ನಿಲಯಗಳನ್ನು ತುಂಬಿ ಅದನ್ನು ಜಪಮಣಿಯಂತೆ ತಿರುಗಿಸಬಾರದು, ಐದಾರು ಸಾಕು.

ಎಫ್.ಎಂ. ಗಲಾಟೆಯಲ್ಲಿ ಮಧ್ಯಮ ತರಂಗವನ್ನು ಮರೆತವರೇ ಹೆಚ್ಚು. ಅದರ ಮಾತು ಅಷ್ಟು ನುಣುಪಲ್ಲ, ಸಂಗೀತ ಸ್ವಲ್ಪ ಕಂಬಳಿ ಹೊದ್ದಂತೆ ಕೇಳುತ್ತದೆ. ಆದರೆ ಬೆಟ್ಟ ಹಳ್ಳಗಳಿಗೆ ಅದು ಹೆದರುವುದಿಲ್ಲ. ನೆಲವನ್ನು ಅಪ್ಪಿಕೊಂಡೇ ಬರುತ್ತದೆ. ಬೆಂಗಳೂರಿನ ೬೧೨ ಕಿಲೋಹರ್ಟ್ಸ್, ಧಾರವಾಡದ ೭೬೫ ಹಿಂದಿನವರ ಬಾಯಲ್ಲಿ ಮನೆಯ ಹೆಸರುಗಳಂತೆ ಇದ್ದುವು. ಹೊತ್ತು ಮುಳುಗಿದ ಮೇಲೆ ಆಕಾಶದ ಎತ್ತರದ ಪದರಗಳಲ್ಲಿ, ಹಗಲಿನಲ್ಲಿ ಈ ಅಲೆಗಳನ್ನು ನುಂಗುತ್ತಿದ್ದ ಕೆಳಪದರ ಕರಗಿ, ಮೇಲಿನ ಪದರ ಅವನ್ನು ಮತ್ತೆ ಭೂಮಿಗೆ ಹಿಂದಿರುಗಿಸುತ್ತದೆ. ಹಗಲು ಕೇಳದ ದೂರದ ಊರು ರಾತ್ರಿ ಕೇಳುತ್ತದೆ. ರಾತ್ರಿಯ ಪ್ರಯಾಣದಲ್ಲಿ ಹಿಂದಿನ ಆಸನದವರೆಲ್ಲ ನಿದ್ದೆ ಹೋದ ಮೇಲೆ, ಕಾರು ಚಹಾದ ಅಂಗಡಿಯ ಮುಂದೆ ನಿಂತಾಗ, ಮಧ್ಯಮ ತರಂಗದ ಮೇಲೆ ಒಮ್ಮೆ ಅತ್ತಿಂದಿತ್ತ ನಡೆದು ನೋಡಬಹುದು. ತಮಿಳು, ತೆಲುಗು, ಸಿಂಹಳ, ಯಾವುದೋ ದೂರದ ಹಿಂದಿ ಎಲ್ಲವೂ ಒಂದರ ಮೇಲೊಂದು ಬಂದು ಹೋಗುತ್ತಿರುತ್ತವೆ. ಇವನ್ನು ಗುಂಡಿಯಲ್ಲಿ ಬರೆದಿಟ್ಟು ಪ್ರಯೋಜನವಿಲ್ಲ. ಬೆಳಗಾಗುವುದರೊಳಗೆ ಹೊರಟುಹೋಗುವ ನೆಂಟರು.

ವಿದ್ಯುತ್ ಕಾರುಗಳು ಬಂದ ಮೇಲೆ ಮಧ್ಯಮ ತರಂಗಕ್ಕೆ ಹೊಸ ಕಂಟಕವೊಂದು ಒದಗಿದೆ. ಆ ಮೋಟಾರುಗಳ ವಿದ್ಯುತ್ 'ಗುಂಯ್' ಶಬ್ದ ಈ ತರಂಗವನ್ನು ಕೆಡಿಸುತ್ತದೆಂದು ಕೆಲವು ತಯಾರಕರು ಅದನ್ನು ಕಾರಿನಿಂದಲೇ ತೆಗೆದುಹಾಕಿದರು. ಅಮೆರಿಕದ ಫೋರ್ಡ್ ಕಂಪನಿ ೨೦೨೩ರಲ್ಲಿ ಹಾಗೆ ಮಾಡಹೊರಟು, ಜನರೂ ಶಾಸಕರೂ ಎದ್ದು ಕೂಗಿದ ಮೇಲೆ ಹಿಂದೆಗೆಯಿತು. ಬಿರುಗಾಳಿ, ಪ್ರವಾಹದ ವೇಳೆ ಮೊಬೈಲು ಸತ್ತಾಗಲೂ ದೂರಕ್ಕೆ ಮುಟ್ಟುವ ಧ್ವನಿ ಇದೇ ಎಂಬುದು ಅವರ ವಾದ. ನಮ್ಮಲ್ಲಿ ಆಕಾಶವಾಣಿ ಮಧ್ಯಮ ತರಂಗದ ಹಲವು ಪ್ರೇಷಕಗಳನ್ನು ಡಿ.ಆರ್.ಎಂ. ಎಂಬ ಡಿಜಿಟಲ್ ಕ್ರಮಕ್ಕೆ ಸಿದ್ಧಗೊಳಿಸಿತು. ಅದರಲ್ಲಿ ಹಳೆಯ ಗರಗರ ಸದ್ದಿಲ್ಲ, ಪರದೆಯ ಮೇಲೆ ನಿಲಯದ ಹೆಸರೂ ಮೂಡುತ್ತದೆ. ನಮ್ಮ ದೇಶದಲ್ಲಿ ಮಾರಾಟವಾದ ಕೆಲವು ಕಾರುಗಳ ರೇಡಿಯೋಗಳಿಗೆ ಈ ವಿದ್ಯೆ ಬರುತ್ತದೆ. ಕೊಂಡವರಿಗೆ ಅದು ಗೊತ್ತಿಲ್ಲ, ಮಾರಿದವರು ಹೇಳಲಿಲ್ಲ. ಕಾರಿನ ಮುಂದಿನ ಪೆಟ್ಟಿಗೆಯಲ್ಲಿ ವಿಮೆಯ ಕಾಗದ, ದೇವಸ್ಥಾನದ ಪ್ರಸಾದದ ಪೊಟ್ಟಣಗಳ ಅಡಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದ ಕೈಪಿಡಿಯೊಂದು ಮಲಗಿರುತ್ತದೆ. ಈ ಭಾನುವಾರ ಅದನ್ನು ತೆಗೆದು ರೇಡಿಯೋದ ಪುಟಗಳಲ್ಲಿ ಆ ಮೂರು ಅಕ್ಷರಗಳು ಇವೆಯೇ ಎಂದು ನೋಡಿ. ಇದ್ದರೆ, ಮನೆಯ ಮುಂದೆ ನಿಂತೇ ಮಧ್ಯಮ ತರಂಗಕ್ಕೆ ತಿರುಗಿಸಿ ಹಿಡಿದು ನೋಡಿ; ಸಿಕ್ಕಿದರೆ ಒತ್ತಿ ಹಿಡಿಯುವುದು ಹೇಗೆಂದು ಈಗಾಗಲೇ ಹೇಳಿದ್ದೇನೆ.